ದೂರು ಕೇಳುವವರ ಹೆಸರು

ಸರ್ಕಾರಿ ಇಲಾಖೆಯೊಂದರ ಗುಮಾಸ್ತೆ ಕಸ್ತೂರಿ ಮೂರು ವರ್ಷ ರಜಾದಿನಗಳಲ್ಲಿ ಕೂತು, ಹಳೆಯ ಕನ್ನಡ ಕಡತಗಳನ್ನು ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಗಳಿಗೆ ತಿರುಗಿಸುವ ತಂತ್ರಾಂಶ ಬರೆದಳು. ಅದನ್ನು ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ಜೊತೆ ಉಚಿತವಾಗಿ ಹಂಚಲು ಲಿನಕ್ಸ್ ಬಳಗದವರು ಒಪ್ಪಿದರು.

ಸುದ್ದಿ ತಿಳಿದ ಇಲಾಖೆಯ ನಿರ್ದೇಶಕರು ಅವಳನ್ನು ಕರೆಸಿದರು. “ನಿಮ್ಮ ಹೆಸರು ಯಾಕ್ರೀ? ನಂದು ಹಾಕಿ.”

“ಆಗಲಿ ಸರ್.”

ತಂತ್ರಾಂಶದ ಮಾಹಿತಿ ಪುಟದಲ್ಲಿ ‘ನಿರ್ವಹಣೆ’ ಎಂಬಲ್ಲಿ ಅವರ ಹೆಸರು, ಇಮೇಲ್, ಫೋನ್ ನಂಬರ್ ಎಲ್ಲ ಹಾಕಿದಳು. ನಿರ್ದೇಶಕರು ಅದನ್ನು ಊರಿಗೆಲ್ಲ ತೋರಿಸಿದರು.

ವಾರದಲ್ಲೇ ಅವರಿಗೆ ಫೋನುಗಳು ಶುರುವಾದವು. “ಒತ್ತಕ್ಷರ ಒಡೀತಿದೆ, ಯಾವಾಗ ಸರಿ ಮಾಡ್ತೀರಿ?” ಉಣ್ಣಲೂ ಬಿಡಲಿಲ್ಲ.

ನಿರ್ದೇಶಕರು ಅವಳನ್ನು ಮತ್ತೆ ಕರೆಸಿದರು. “ಏನ್ರೀ ಇದು?”

“ದೂರು ಕೇಳೋರ ಜಾಗ ಸರ್. ದೊಡ್ಡವರ ಹೆಸರಿದ್ರೆ ಜನಕ್ಕೆ ಧೈರ್ಯ.”

“ತೆಗೀರಿ ಮೊದಲು!”

ತೆಗೆದು ತನ್ನದನ್ನೇ ಹಾಕಿದಳು. ಮರುದಿನ ಅವಳ ಕಂಪ್ಯೂಟರ್ ಕಿತ್ತುಕೊಂಡು, ಅವಳನ್ನು ದಾಖಲೆ ಕೋಣೆಯ ಕೆಲಸಕ್ಕೆ ಹಾಕಿದರು.

ಈಗ ಭಾನುವಾರ ಸೈಬರ್ ಅಂಗಡಿಯಲ್ಲಿ ಕೂತು ದೂರುಗಳಿಗೆ ಉತ್ತರ ಬರೆಯುತ್ತಾಳೆ. ಉಪಕಾರವಾಯಿತು ಎಂದು ಬರೆದವರು ಇನ್ನೂ ಯಾರೂ ಇಲ್ಲ.