ಹೊಸ ಸೇತುವೆಯ ಸುಂಕದವನು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಕತೆ ಹೇಳಿ ರೂಢಿಯಿಲ್ಲ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಥವಾಗಲಿಲ್ಲ ಅನ್ನಬಾರದಲ್ಲ, ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳುವುದು.

ಹೊಳೆಸಾಲು ಅಂತ ಒಂದೂರು. ಹೊಳೆಯ ಪಕ್ಕದಲ್ಲಿತ್ತು, ಅದಕ್ಕೇ ಆ ಹೆಸರು. ಆ ಊರಲ್ಲಿ ಹೊಂಬಾಳಮ್ಮ, ಅವಳಿಗೊಬ್ಬನೇ ಮಗ ಜವರ. ಆಳು ಆನೆಯಂಥವನು, ಬುದ್ಧಿ ಗುಬ್ಬಿಯಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಕಷ್ಟ!

"ನನ್ನ ಕಾಲ ಮುಗಿಯೋದರೊಳಗೆ ಇವನಿಗೊಂದು ಕಾಯಂ ಕೆಲಸ ಸಿಗಲಪ್ಪ" ಅಂತ ತಾಯಿ ದಿನಾ ದೀಪಕ್ಕೆ ಕೈ ಮುಗಿಯುತ್ತಿದ್ದಳು.

ಹೀಗಿರುವಾಗ ಸರ್ಕಾರ ಊರಿಗೊಂದು ಸೇತುವೆ ಕೊಟ್ಟಿತು. ದುಡ್ಡು ಸರ್ಕಾರದ್ದು, ಕೂಲಿ ಊರಿನವರಿಗೆ, ಮುಗಿದ ಮೇಲೆ ಸುಂಕ ಪಂಚಾಯಿತಿಗೆ. ಸುಂಕ ಅಂದರೆ ದಾಟುವವರು ಕೊಡುವ ದುಡ್ಡು. ಜವರನಿಗೂ ಕೂಲಿ ಸಿಕ್ಕಿತು.

ಮೇಸ್ತ್ರಿ ಇಮಾಮಣ್ಣ ಹೇಳಿದ: "ಹೊಸ ಕಂಬ ಒಣಗಿದರೆ ಬಿರುಕು ಬಿಡ್ತದೆ. ನೀರು ಹಾಕ್ತಾನೇ ಇರು. ಏನೇ ಬಂದರೂ ನಿಲ್ಲಿಸಬೇಡ!"

ಬಂದದ್ದು ಮಳೆ. ಧೋ ಅಂತ ಮಳೆ! ಎಲ್ಲರೂ ಓಡಿದರು. ಜವರ ಒಂದು ಕೈಯಲ್ಲಿ ಕೊಡೆ ಹಿಡಿದ, ಇನ್ನೊಂದು ಕೈಯಲ್ಲಿ ಬಿಂದಿಗೆ ಹಿಡಿದ, ನೆನೆಯುತ್ತಿದ್ದ ಕಂಬಕ್ಕೆ ನೀರು ಹಾಕಿದ. ಅತ್ತ ಸಿಮೆಂಟಿನ ಚೀಲಗಳೆಲ್ಲ ನೆನೆದು ಕಲ್ಲಾದವು.

"ಅಯ್ಯೋ ನನ್ನ ಬಂಗಾರದ ಗುಂಡುಕಲ್ಲೇ!" ಅಂದಳು ತಾಯಿ. "ಮಳೆ ಹನಿ ಬಿದ್ದ ತಕ್ಷಣ ಟಾರ್ಪಾಲು ತಂದು ಮುಚ್ಚಬೇಕು ಕಣೋ! ನಾಲ್ಕು ಮೂಲೆಗೂ ಕಲ್ಲು ಹೇರಬೇಕು!"

"ಆಗಲಿ ಕಣವ್ವ, ನಾಳೆ ಹಾಗೇ ಮಾಡ್ತೀನಿ."

ಮಾರನೆಯ ದಿನ ಇಂಜಿನಿಯರ್ ಸಾಹೇಬರು ಬಂದರು. ಕುರ್ಚಿ ಹಾಕಿಕೊಂಡು ಕೂತು ಕಾಫಿ ಕುಡಿಯುತ್ತಿದ್ದರು. ಟಪ್ ಅಂತ ಒಂದು ಹನಿ ಬಿತ್ತು. ಜವರ ಟಾರ್ಪಾಲು ತಂದ, ಸಾಹೇಬರನ್ನು ಕುರ್ಚಿ ಸಮೇತ ಮುಚ್ಚಿದ, ನಾಲ್ಕು ಮೂಲೆಗೂ ಕಲ್ಲು ಹೇರಿದ.

ಒಳಗಿಂದ, "ಯಾವನಲೇ ಅವನು! ತೆಗೆಯೋ!"

"ಮಳೆ ನಿಲ್ಲಲಿ ಸ್ವಾಮಿ!"

"ಅಯ್ಯೋ ನನ್ನ ಬಂಗಾರದ ಗುಂಡುಕಲ್ಲೇ!" ಅಂದಳು ತಾಯಿ. "ಯಾರಾದರೂ ಬಂದರೆ ಮೈಮೇಲೆ ಬೀಳ್ತಾರೇನೋ? ಕೈ ಮುಗಿದು, ಪಕ್ಕಕ್ಕೆ ಸರಿದು ದಾರಿ ಬಿಡಬೇಕು!"

"ಆಗಲಿ ಕಣವ್ವ, ನಾಳೆ ಹಾಗೇ ಮಾಡ್ತೀನಿ."

ಮಾರನೆಯ ದಿನ ಸೇತುವೆಯ ಮೇಲೆ ಹಸಿ ಕಾಂಕ್ರೀಟು ಹಾಕಿ, ಜವರನನ್ನು ಕಾವಲಿಗೆ ನಿಲ್ಲಿಸಿ, ಎಲ್ಲರೂ ಊಟಕ್ಕೆ ಹೋದರು. ಎಮ್ಮೆಗಳು ಬಂದವು. ಜವರ ಕೈ ಮುಗಿದ. ಪಕ್ಕಕ್ಕೆ ಸರಿದ. ಎಮ್ಮೆಗಳು ಹಸಿ ಕಾಂಕ್ರೀಟಿನ ಮೇಲೆ ಮೆರವಣಿಗೆ ಹೋದವು. ಮೇಸ್ತ್ರಿ ಮೂರು ಸಲ ಸಾರಣೆ ಮಾಡಿದರೂ ಗೊರಸಿನ ಗುರುತು ಹೋಗಲಿಲ್ಲ.

ಅಂತೂ ಇಂತೂ ಸೇತುವೆ ಮುಗಿಯಿತು. ಹೊಂಬಾಳಮ್ಮ ಪಂಚಾಯಿತಿ ಅಧ್ಯಕ್ಷ ಮಲ್ಲಾಜಪ್ಪನವರ ಮುಂದೆ ಸೆರಗೊಡ್ಡಿದಳು. ಅವರು ಯೋಚಿಸಿ ಹೇಳಿದರು: "ಆಗಲಿ ಕಣಮ್ಮ, ಸುಂಕದ ಗೇಟಿಗೆ ಕೂರಿಸೋಣ. ಆದರೆ ಸಂಜೆ ಪೆಟ್ಟಿಗೆ ತುಂಬಿದ್ದರೆ ಕೆಲಸ ಕಾಯಂ. ಬರಿದಾಗಿದ್ದರೆ ಮನೆಗೆ!" ಆಮೇಲೆ ಜವರನ ಕಡೆ ತಿರುಗಿದರು. "ಎಮ್ಮೆಗೆ ಬಿಟ್ಟ ಹಾಗೆ ಬಿಟ್ಟೀಯ, ಜೋಕೆ! ದಾಟುವವರು ಯಾರೇ ಆಗಲಿ, ಹೋಗುವಾಗ ಒಂದು ನಾಣ್ಯ, ಬರುವಾಗ ಒಂದು ನಾಣ್ಯ. ನಾನೇ ಬಂದರೂ ಬಿಡಬೇಡ!"

ಬೆಳಿಗ್ಗೆ ತಾಯಿ ಅವನ ಕೂಲಿ ದುಡ್ಡನ್ನೆಲ್ಲ ಚಿಲ್ಲರೆ ಮಾಡಿಸಿ, ಸಂಚಿಗೆ ತುಂಬಿ, ಸೊಂಟಕ್ಕೆ ಕಟ್ಟಿದಳು. "ಜನ ಚಿಲ್ಲರೆ ಕೇಳ್ತಾರೆ, ಇಟ್ಟುಕೋ. ಯಾರೂ ಬರದಿದ್ದರೆ ಸುಮ್ಮನೆ ಕೂರಬೇಡ, ಆ ದಡಕ್ಕೆ ಹೋಗಿ ಕೂಗಿ ಕರಿ!"

ಯಾರೂ ಬರಲಿಲ್ಲ. ಯಾಕೆ ಅಂದರೆ, ಆ ದಡದಲ್ಲಿ ರಸ್ತೆಯೇ ಇರಲಿಲ್ಲ. ಸೇತುವೆಗೆ ದುಡ್ಡು ಈ ವರ್ಷ, ರಸ್ತೆಗೆ ದುಡ್ಡು ಮುಂದಿನ ವರ್ಷ. ಆ ಕಡೆ ಇದ್ದದ್ದು ಜಾಲಿಗಿಡ ಮಾತ್ರ.

ಜವರ ಕೂಗಿ ಕರೆಯಲು ಎದ್ದ. ಗೇಟಿನ ಹತ್ತಿರ ನಿಂತ.

"ಎಲ್ಲಿಗಯ್ಯಾ? ಸುಂಕ ಕೊಡು!" ಅಂತ ತನಗೆ ತಾನೇ ಗದರಿದ.

"ನಾನು ಈ ಊರಿನವನೇ ಅಲ್ವಾ!"

"ಅಧ್ಯಕ್ಷರನ್ನೇ ಬಿಡಲ್ಲ, ನೀನ್ಯಾವನು?"

ಟಣ್! ಒಂದು ನಾಣ್ಯ. ಆ ದಡಕ್ಕೆ ಹೋದ, "ಬನ್ನಿ, ಬನ್ನಿ!" ಅಂತ ಕೂಗಿದ. ಜಾಲಿಗಿಡ ಬರಲಿಲ್ಲ. ವಾಪಸ್ಸು ಬಂದ. ಟಣ್! ಇನ್ನೊಂದು. ಮತ್ತೆ ಹೋದ, ಟಣ್! ಮತ್ತೆ ಬಂದ, ಟಣ್! ಹೊತ್ತು ಇಳಿಯುವ ತನಕ ಇದೇ ಕೆಲಸ.

ಸಂಜೆ ಅಧ್ಯಕ್ಷರು ಪೆಟ್ಟಿಗೆ ಎತ್ತಲು ಹೋದರು. ಎತ್ತಲಾಗಲಿಲ್ಲ!

"ಭೇಷ್! ಊರಿಗೆ ಆದಾಯ ಶುರುವಾಯ್ತು! ಕೆಲಸ ಕಾಯಂ ಕಣಯ್ಯಾ!"

ಹೊಂಬಾಳಮ್ಮ ಮಗನ ಸೊಂಟ ಮುಟ್ಟಿ ನೋಡಿದಳು. ಸಂಚಿ ಬರಿದು. "ಅಯ್ಯೋ ನನ್ನ ಬಂಗಾರದ..." ಅಂದವಳು ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಹೇಳಿದರೆ ಕೆಲಸ ಹೋಗುತ್ತದಲ್ಲ!

ಅಷ್ಟರಲ್ಲಿ ಅಧ್ಯಕ್ಷರು ಪೆಟ್ಟಿಗೆಯಿಂದಲೇ ಬೊಗಸೆ ತುಂಬ ತೆಗೆದು, "ತಗೋ, ಮೊದಲ ಸಂಬಳ, ಮುಂಗಡ!" ಅಂತ ಜವರನ ಸಂಚಿಗೆ ಸುರಿದರು. ತಾಯಿಗೆ ಹೋದ ಜೀವ ಬಂತು.

"ಹಾಗೇ ಆ ತುದಿಯ ದೀಪ ಹಚ್ಚಿ ಬಾ" ಅಂದರು ಅಧ್ಯಕ್ಷರು.

"ಬೇಡ ಸ್ವಾಮಿ, ನಾನು ಹಚ್ಚಿ ಬರ್ತೀನಿ!" ಅಂತ ತಾಯಿ ಓಡಿದಳು.

ಜವರ ಅಡ್ಡ ನಿಂತು ಕೈಯೊಡ್ಡಿದ. "ಸುಂಕ ಕೊಡವ್ವ!"

"ನನ್ನ ಹತ್ತಿರ ಎಲ್ಲಿದೆಯೋ!"

"ಹಂಗಾದರೆ ಇರು, ಸಾಲ ಕೊಡ್ತೀನಿ" ಅಂದವನೇ ಸಂಚಿ ಬಿಚ್ಚಿದ. ಅವಳ ಹೆಸರಲ್ಲಿ ಟಣ್! ಜೊತೆಗೆ ಹೋಗಲು ತನ್ನ ಹೆಸರಲ್ಲಿ ಟಣ್! ಆ ತುದಿಗೆ ಹೋದ ಮೇಲೆ ಬೆಂಕಿಪೊಟ್ಟಣ ಈ ದಡದಲ್ಲೇ ಉಳಿದದ್ದು ಗೊತ್ತಾಯಿತು. ವಾಪಸ್ಸು ಬರುವಾಗ ಹೊಂಬಾಳಮ್ಮ ನಡುಸೇತುವೆಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲಸ ಕಾಯಂ ಆಗಿತ್ತಲ್ಲ!

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳಬೇಕು. ಸರ್ಕಾರದ ದುಡ್ಡು ಕೂಲಿಯಾಯಿತು, ಕೂಲಿ ಸುಂಕವಾಯಿತು, ಸುಂಕ ಸಂಬಳವಾಯಿತು, ಸಂಬಳ ಮತ್ತೆ ಸುಂಕವಾಯಿತು. ಹಾಗಾದರೆ ಊರಿಗೆ ಬಂದ ಲಾಭ ಎಷ್ಟು ಅಂದರೆ... ಹಾಂ? ಬಂದೆ, ಬಂದೆ! ಒಲೆ ಮೇಲೆ ಹಾಲು ಉಕ್ಕುತ್ತಿದೆಯಂತೆ, ಒಳಗಿಂದ ಕರೆಯುತ್ತಿದ್ದಾರೆ. ಲಾಭ ಅಂದರೆ, ಆ ಪೆಟ್ಟಿಗೆಯಲ್ಲಿ... ಅಯ್ಯೋ, ಹಾಲು ಉಕ್ಕೇಬಿಟ್ಟಿತಂತೆ, ಬಂದೆ!