ಸೂಜಿ ಎತ್ತದ ಪದರ

ಕಬ್ಬಿಣಕ್ಕೆ ನಿಯೋಡಿಮಿಯಂ ಎಂಬ ಲೋಹ, ಚಿಟಿಕೆ ಬೋರಾನ್ ಸೇರಿಸಿ ಸಂಶೋಧಕಿ ಚಂಪಕಾ ಒಂದು ಆಯಸ್ಕಾಂತ ಮಾಡಿದಳು. ಅದರೊಳಗೆ ಲಕ್ಷಗಟ್ಟಲೆ ಹರಳುಗಳು. ಬಹುತೇಕ ಹರಳುಗಳ ನಡುವೆ ತೆಳ್ಳನೆಯ ಪದರ. ಒಂದು ಹರಳಿಗಂತೂ ಈ ಪದರವನ್ನು ಕಂಡರಾಗದು.

"ಎಳೆಯುವವರು ನಾವು. ನೀನು ಒಂದು ಗುಂಡುಸೂಜಿಯನ್ನೂ ಎತ್ತಲಾರೆ. ನಡುವೆ ಕೂತು ನನ್ನನ್ನು ನೆಂಟರಿಂದ ದೂರ ಮಾಡಿದ್ದೀಯೆ. ಜಾಗ ಬಿಡು!"

"ಎತ್ತಲಾರೆ, ನಿಜ ಅಣ್ಣಾ. ಆದರೆ ಜಾಗ ಬಿಡಲಾರೆ," ಎಂದಿತು ಪದರ.

ಮರುದಿನ ಪರೀಕ್ಷೆ. ಚಂಪಕಾ ಆಯಸ್ಕಾಂತವನ್ನು ಚೆನ್ನಾಗಿ ಕಾಯಿಸಿ, ಅದಕ್ಕಿಂತ ಬಲವಾದ ಇನ್ನೊಂದನ್ನು ಎದುರು ಹಿಡಿದಳು. ಮೂಲೆಯ ಹರಳೊಂದು ಸೋತು, ಉತ್ತರಕ್ಕಿದ್ದ ಮುಖವನ್ನು ದಕ್ಷಿಣಕ್ಕೆ ತಿರುಗಿಸಿತು. ನಡುವೆ ಪದರವಿಲ್ಲದೆ ಅದಕ್ಕೆ ಅಂಟಿಕೊಂಡಿದ್ದ ನೆಂಟ ಹರಳೂ ಥಟ್ಟನೆ ತಿರುಗಿತು. "ನೀನೂ ತಿರುಗು!" ಎಂದು ಎರಡೂ ಸೇರಿ ನಮ್ಮ ಹರಳನ್ನು ಎಳೆದವು. ಹೀಗೆ ಒಂದೊಂದೇ ತಿರುಗುತ್ತ ಹೋಗಿದ್ದರೆ ಆಯಸ್ಕಾಂತದ ಬಲವೇ ಉಡುಗಿಹೋಗುತ್ತಿತ್ತು. ಆದರೆ ಆ ಎಳೆತ ಪದರಕ್ಕೆ ಬಡಿದು ಅಲ್ಲೇ ನಿಂತುಹೋಯಿತು.

ಬಿಸಿ ಆರಿದ ಮೇಲೆ ಚಂಪಕಾ ಒಂದು ಹಿಡಿ ಗುಂಡುಸೂಜಿ ಸುರಿದಳು. ಎಲ್ಲವೂ ಹಾರಿ ಬಂದು ಅಂಟಿಕೊಂಡವು. "ಭಲೇ ಆಯಸ್ಕಾಂತ!" ಎಂದು ಹಿಗ್ಗಿದಳು.

ನಮ್ಮ ಹರಳು ಮೆಲ್ಲಗೆ ಪದರಕ್ಕೆ ಹೇಳಿತು:

"ಅಲ್ಲೇ ಕೂತಿರು ತಮ್ಮಾ. ಜಾಗ ಸಾಲದಿದ್ದರೆ ಹೇಳು, ನಾನೇ ಸ್ವಲ್ಪ ಸರಿಯುತ್ತೇನೆ."