ಐದು ಜನರ ಕೋಲಾಟ

“ಸಾರ್, ಆ ಒಂಟಿ ಎಲೆಕ್ಟ್ರಾನ್ ಎಲ್ಲಿ ಹೋಯಿತು?” ಎಂದು ಮಾದೇಶ ತನ್ನ ಗುರು ತಿಪ್ಪಯ್ಯ ಮೇಷ್ಟ್ರನ್ನು ಕೇಳಿದ.

ಅವನ ಮುಂದೆ ಯಂತ್ರ ಬರೆದ ಗೆರೆಗಳಿದ್ದವು. ಐದು ಇಂಗಾಲದ ಪರಮಾಣುಗಳ ಪುಟ್ಟ ಉಂಗುರವೊಂದರ ಗೆರೆಗಳು. ಜೋಡಿಯಿಲ್ಲದ ಎಲೆಕ್ಟ್ರಾನ್ ಉಳಿದ ಅಂಥದನ್ನು ರಾಡಿಕಲ್ ಎನ್ನುತ್ತಾರೆ. ಬಿಟ್ಟರೆ ಸಿಕ್ಕಿದ್ದಕ್ಕೆ ಅಂಟಿಕೊಂಡು ಇಲ್ಲವಾಗುತ್ತದೆ. ಅದನ್ನು ಕಡುಚಳಿಯಲ್ಲಿ ಹಿಡಿದಿಟ್ಟು, ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಅದರ ನಡುಕ ಓದುವುದು ಅವನ ಕೆಲಸ.

“ಐದು ಇಂಗಾಲವೂ ಒಂದೊಂದು ಎಲೆಕ್ಟ್ರಾನ್ ತಂದಿವೆ. ನಾಲ್ಕು ಸೇರಿ ಎರಡು ಜೋಡಿಯಾದವು, ಒಂದು ಉಳಿಯಿತು. ಅದು ಕೂತ ಕಡೆ ಉಂಗುರ ಸೊಟ್ಟಗಾಗಬೇಕು, ಗೆರೆಗಳು ಹೆಚ್ಚಬೇಕು. ಇಲ್ಲಿ ನೋಡಿದರೆ ದುಂಡಗೇ ಇದೆ” ಎಂದ.

ಮೇಜಿನ ಮೇಲೆ ಫೋನು ಅದುರಿತು. ಅವ್ವನದು. ಮಾದೇಶ ಮಗುಚಿಟ್ಟ. ಅಣ್ಣನನ್ನು ಮಣ್ಣು ಮಾಡಿದ ಮಾರನೆಯ ದಿನವೇ ಬಂದು ಯಂತ್ರದ ಮುಂದೆ ಕೂತವನು ಅವನು. ನಾಳೆ ತಿಥಿ. ಯಂತ್ರ ಬಿಟ್ಟು ಬರಲಾಗದೆಂದು ಅವ್ವನಿಗೂ ಮೇಷ್ಟ್ರಿಗೂ ಹೇಳಿಬಿಟ್ಟಿದ್ದ.

“ಯಂತ್ರಕ್ಕೇನು ಕಾಲು ಬಂದಿದೆಯೇನಪ್ಪ, ಬಿಟ್ಟರೆ ಓಡಿಹೋಗೋಕೆ?” ಎಂದರು ತಿಪ್ಪಯ್ಯ ಮೇಷ್ಟ್ರು. ಸ್ಟೂಲು ಎಳೆದು ಕೂತರು. ಕತೆ ಹೇಳಿದರು.

ಒಂದೂರಿನಲ್ಲಿ ಆರು ಜನ ಕೋಲಾಟದವರಿದ್ದರು. ಮೂರು ಜೋಡಿ. ಒಬ್ಬ ತೀರಿಕೊಂಡ. ಕೋಲಾಟಕ್ಕೆ ಜೋಡಿ ಬೇಕು. ಐವರು ಕೋಲು ಕೆಳಗಿಟ್ಟು ಕೂತರು. ಹಿರಿಯನೊಬ್ಬ ಒಂದು ಕಟ್ಟಳೆ ಮಾಡಿದ. ಪ್ರತಿ ಪೆಟ್ಟಿಗೂ ಜೋಡಿ ಬದಲಾಗಬೇಕು. ಎದುರಿಗೆ ಕೋಲಿಲ್ಲದವನು ತನ್ನೆರಡು ಕೋಲನ್ನೇ ತಾಕಿಸಿ ಮುಂದೆ ಸರಿಯಬೇಕು. ಹೀಗೆ ಖಾಲಿ ಜಾಗ ಒಬ್ಬನ ಬಳಿ ನಿಲ್ಲದೆ ಎಲ್ಲರನ್ನೂ ಸುತ್ತಿತು. ಒಬ್ಬೊಬ್ಬನಿಗೂ ಒಂದೊಂದು ಪೆಟ್ಟಿನಷ್ಟೇ ಒಂಟಿತನ. ದೂರದಿಂದ ನೋಡಿದವರಿಗೆ ಬಳಗ ದುಂಡಗೇ ಕಂಡಿತು.

“ನಿನ್ನ ಉಂಗುರವೂ ಹಾಗೆಯೇ. ಸೊಟ್ಟ ಇದೆ. ನಿಲ್ಲದೆ ಸುತ್ತುತ್ತದೆ, ಅಷ್ಟೆ.”

ಮಾದೇಶ ಪೆನ್ನು ಕೈಗೆತ್ತಿಕೊಂಡ. ಆದರೆ ಕತೆ ಮುಗಿದಿರಲಿಲ್ಲ.

ಸತ್ತವನ ಜೋಡಿಯಾಗಿದ್ದವನು ಕೆಲವು ದಿನ ಕುಣಿದ, ಆಮೇಲೆ ಒಪ್ಪಲಿಲ್ಲ. “ಅವನು ನನ್ನವನು. ಆ ಖಾಲಿ ಜಾಗ ನನಗೊಬ್ಬನಿಗೇ ಇರಲಿ, ಯಾರೂ ಮುಟ್ಟಬೇಡಿ” ಎಂದ.

“ನಿನ್ನ ಪಾಲು ನೀನು ಹೊರು ಮಾರಾಯ. ನಮ್ಮ ಪಾಲನ್ನೂ ಯಾಕೆ ಕಿತ್ತುಕೊಳ್ಳುತ್ತೀಯೆ?” ಎಂದ ಹಿರಿಯ.

ಅವನು ಕೇಳಲಿಲ್ಲ. ಬಳಗ ಬಿಟ್ಟು ಮರದ ಕೆಳಗೆ ಹೋಗಿ ನಿಂತ. ಉಳಿದವರು ಅವನಿಗೂ ಜಾಗ ಬಿಟ್ಟೇ ಕುಣಿದರು. ಪ್ರತಿ ಸುತ್ತಿಗೂ ಅವನ ಜಾಗದಲ್ಲಿ ಕೋಲು ಬರೀ ಗಾಳಿಗೆ ಬೀಸಿ ಬರುತ್ತಿತ್ತು. ಸತ್ತವನು ಒಬ್ಬ, ಅವರು ಅತ್ತದ್ದು ಇಬ್ಬರಿಗೆ.

ಫೋನು ಮತ್ತೆ ಅದುರಿತು. ಮಾದೇಶ ಪೆನ್ನು ಕೆಳಗಿಟ್ಟ.

ಮೇಷ್ಟ್ರು ಎದ್ದು ಯಂತ್ರದ ದೀಪ ಆರಿಸಿದರು.

“ನಾಳೆ ನಿಮ್ಮವ್ವ ಎಡೆ ಒಬ್ಬನಿಗೆ ಇಡಬೇಕೋ, ಇಬ್ಬರಿಗೋ?”